ವಿಕೃತಿಯಲ್ಲಿ ಕರುಣೆ: ಯೂಸುಫ್ ಅರಕ್ಕಲ್ ಅವರ ಮಾನವಾಕೃತಿಗಳು

ಸುಂದರವಾದುದೇ ಕಲೆಯ ವಸ್ತು, ಕುರೂಪವಾದುದು ಕಲೆಗೆ ಹೊರಗು ಎಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ದೇವರ ಚಿತ್ರಪಟಗಳನ್ನೂ ಶರಣರ ಪ್ರಸನ್ನ ಮುಖಗಳನ್ನೂ ನೋಡಿ ಪಳಗಿದ ಕಣ್ಣು, ಮುಖದ ಗೆರೆಗಳು ಅಳಿಸಿಹೋಗಿ ಕೈಕಾಲುಗಳು ತಿರುಚಿಕೊಂಡಿರುವ ಮಾನವಾಕೃತಿಯ ಮುಂದೆ ನಿಂತಾಗ ಸಹಜವಾಗಿಯೇ ಹಿಂಜರಿಯುತ್ತದೆ. ಈ ಹಿಂಜರಿಕೆ ಕೇವಲ ಅಭಿರುಚಿಗೆ ಸಂಬಂಧಿಸಿದುದಲ್ಲ. ಅದರ ಹಿಂದೆ ಒಂದು ಧರ್ಮಜಿಜ್ಞಾಸೆಯೂ ಇದೆ. ದೇಹವನ್ನು ದೇವಾಲಯವೆಂದು ಭಾವಿಸಿ, ಅಂಗದ ಮೇಲೆ ಲಿಂಗವನ್ನು ಧರಿಸಿ, ಅಂಗವೇ ಲಿಂಗವಾಗುವ ಸಾಧನೆಯನ್ನು ಬೋಧಿಸಿದ ಪರಂಪರೆಯಲ್ಲಿ ಆ ದೇಹವನ್ನು ಭಗ್ನಗೊಳಿಸಿ ಚಿತ್ರಿಸುವುದು ಅಪಚಾರವಲ್ಲವೆ? ಬೆಂಗಳೂರನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡು ಬಾಳಿದ ಚಿತ್ರಕಾರ ಯೂಸುಫ್ ಅರಕ್ಕಲ್ (೧೯೪೫-೨೦೧೬) ಅವರ ಕೃತಿಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಎದುರಿಗಿಡುತ್ತವೆ.

ವಿಕೃತಾಕೃತಿಯೆಂಬುದು ಪಶ್ಚಿಮದಿಂದ ಬಂದ ಹೊಸ ಸರಕು ಎಂದು ತಿಳಿಯುವವರು ಒಮ್ಮೆ ಚಿತ್ರದುರ್ಗ, ಬಳ್ಳಾರಿ ಸೀಮೆಗಳ ತೊಗಲುಗೊಂಬೆಯಾಟವನ್ನು ನೆನೆಯಬೇಕು. ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಿ.ಜಿ. ಕೆರೆ ಸಿಗುತ್ತದೆ. ಮಳೆ ಕಡಿಮೆಯಾದ ಈ ಬಯಲುಸೀಮೆಯ ಜನಕ್ಕೆ ಪರದೆಯ ಹಿಂದಣ ಬೆಳಕಿನಲ್ಲಿ ಮೂಡುವ ರಾಮ, ಸೀತೆ, ಹನುಮಂತರು ಎಷ್ಟು ಪರಿಚಿತರೋ ಕಿಳ್ಳೇಕ್ಯಾತ, ಬಂಗಾರಕ್ಕರೂ ಅಷ್ಟೇ ಪರಿಚಿತರು. ಊದಿದ ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು, ಅಳತೆ ಮೀರಿದ ಅವಯವಗಳು: ಕಿಳ್ಳೇಕ್ಯಾತನ ಮೈಯಲ್ಲಿ ಪ್ರಮಾಣಶಾಸ್ತ್ರದ ಒಂದು ನಿಯಮವೂ ನಿಲ್ಲುವುದಿಲ್ಲ. ಆದರೂ ರಾಜರನ್ನು ಗೇಲಿ ಮಾಡುವ, ಹಸಿವನ್ನು ಹಸಿವೆಂದೇ ಹೇಳುವ ಅಧಿಕಾರವಿರುವುದು ಅವನಿಗೆ ಮಾತ್ರ. ಅವನು ನಕ್ಕು ನಗಿಸುವ ಕುರೂಪಿ. ಆ ನಗೆಯ ತಳದಲ್ಲಿ ಊರಿನ ಬಡವನ ಮೈ ಇದೆ. ಜನಪದ ಕಲಾವಿದನಿಗೆ ಅಂದವಾದ ಮೈಯನ್ನು ಕತ್ತರಿಸಲು ಬಾರದೆ ಈ ಗೊಂಬೆ ಹುಟ್ಟಲಿಲ್ಲ. ಅದೇ ಕೈ ಸೀತೆಯನ್ನೂ ಕತ್ತರಿಸಿದೆ. ಆದುದರಿಂದ ವಿಕೃತಿ ಇಲ್ಲಿ ಅಸಾಮರ್ಥ್ಯವಲ್ಲ, ಉದ್ದೇಶ.

ಶಿಷ್ಟ ಪರಂಪರೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ಶಿವಗಣಗಳಲ್ಲಿ ಒಬ್ಬನಾದ ಭೃಂಗಿಯ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಶಿವನೊಬ್ಬನಿಗೇ ಪ್ರದಕ್ಷಿಣೆ ಮಾಡುವೆನೆಂದು ಹಠ ತೊಟ್ಟವನ ಮೈಯಿಂದ ದೇವಿಯು ತನ್ನ ಶಕ್ತಿಯ ಅಂಶವನ್ನು ಹಿಂದೆಗೆದುಕೊಂಡಳು. ರಕ್ತಮಾಂಸಗಳಿಲ್ಲದೆ ಎಲುಬಿನ ಗೂಡಾಗಿ ನಿಲ್ಲಲಾರದೆ ನಿಂತವನಿಗೆ ಶಿವನು ಮೂರನೆಯ ಕಾಲನ್ನು ಕರುಣಿಸಿದನು. ವಿಜಯನಗರದ ಕಾಲದಲ್ಲಿ ನಿರ್ಮಾಣಗೊಂಡ ಲೇಪಾಕ್ಷಿಯ ವೀರಭದ್ರ ದೇವಾಲಯದ ನಾಟ್ಯಮಂಟಪದಲ್ಲಿ ಶಿಲ್ಪಿಯು ಈ ಮೂರು ಕಾಲಿನ ಭೃಂಗಿಯನ್ನು ಯಾವ ಸಂಕೋಚವೂ ಇಲ್ಲದೆ ಕಡೆದು ನಿಲ್ಲಿಸಿದ್ದಾನೆ. ಆ ವಿಕೃತಿಯಲ್ಲಿ ಎರಡು ಸಂಗತಿಗಳು ಏಕಕಾಲದಲ್ಲಿ ದಾಖಲಾಗಿವೆ: ದೇಹವು ಕಳೆದುಕೊಂಡುದು, ಮತ್ತು ಅದಕ್ಕೆ ದೊರೆತ ಕೃಪೆ. ವಿಕೃತಾಕೃತಿಯನ್ನು ಬೆಲೆಗಟ್ಟಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಾಗಿಲ್ಲ. ಮೈ ಏನನ್ನು ಕಳೆದುಕೊಂಡಿತು ಎಂಬುದನ್ನು ಚಿತ್ರವು ಹೇಳುತ್ತದೆಯೆ? ಆ ಮೈಯನ್ನು ಎತ್ತಿ ನಿಲ್ಲಿಸುವ ಮೂರನೆಯ ಕಾಲು ಅದರಲ್ಲಿ ಇದೆಯೆ?

ಪಶ್ಚಿಮದ ಅಭಿವ್ಯಕ್ತಿವಾದವು ಮೊದಲಿನಿಂದಲೂ ಎರಡು ಕವಲುಗಳಲ್ಲಿ ಹರಿದಿದೆ. ನಾರ್ವೆಯ ಎಡ್ವರ್ಡ್ ಮುಂಕನು ೧೮೯೩ರಲ್ಲಿ 'ಕೂಗು' ಎಂಬ ಚಿತ್ರವನ್ನು ಬರೆದಾಗ, ೧೯೦೫ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ತರುಣ ಕಲಾವಿದರು 'ಸೇತುವೆ' ಎಂಬ ಹೆಸರಿನ ಬಳಗವನ್ನು ಕಟ್ಟಿಕೊಂಡಾಗ, ಹೊರಗಣ ರೂಪಕ್ಕಿಂತ ಒಳಗಣ ತಳಮಳವೇ ಸತ್ಯವೆಂಬ ನಿಲುವು ನೆಲೆಗೊಂಡಿತು. ಅದರ ಒಂದು ಕವಲು ಕೇಟ್ ಕೋಲ್ವಿಟ್ಸ್ (೧೮೬೭-೧೯೪೫) ಎಂಬ ಮಹಿಳೆಯ ಮುದ್ರಣಚಿತ್ರಗಳಲ್ಲಿ ಹಸಿದ ಮಕ್ಕಳ, ಮಗನನ್ನು ಕಳೆದುಕೊಂಡ ತಾಯಂದಿರ ದುಃಖವಾಗಿ ಹರಿಯಿತು. ಇನ್ನೊಂದು ಕವಲು ಡಬ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬಾಳಿದ ಫ್ರಾನ್ಸಿಸ್ ಬೇಕನ್ (೧೯೦೯-೧೯೯೨) ಎಂಬವನಲ್ಲಿ ಭಯಾನಕವಾದ ತುದಿಯನ್ನು ಮುಟ್ಟಿತು. ೧೬೫೦ರಲ್ಲಿ ಸ್ಪೇನಿನ ವೆಲಾಸ್ಕ್ವೆಜ್ ಬರೆದ ಪೋಪ್ ಹತ್ತನೆಯ ಇನೊಸೆಂಟರ ಭಾವಚಿತ್ರವನ್ನು ಬೇಕನ್ ೧೯೫೩ರಲ್ಲಿ ತನ್ನದಾಗಿಸಿಕೊಂಡು ಪುನಃ ಬರೆದ. ಪೀಠಾರೂಢನಾದ ಧರ್ಮಗುರು ಅಲ್ಲಿ ಪಂಜರದೊಳಗಿನ ಪ್ರಾಣಿಯಂತೆ ಬಾಯ್ತೆರೆದು ಚೀರುತ್ತಾನೆ. ಬೇಕನ್‌ನ ಮಟ್ಟಿಗೆ ಮನುಷ್ಯನು ಕೊನೆಗೂ ಮಾಂಸ, ಕಸಾಯಿಖಾನೆಯ ಕೊಕ್ಕೆಗೆ ತೂಗುಬಿದ್ದ ಮಾಂಸದ ಹತ್ತಿರದ ನೆಂಟ. ಭರತಮುನಿಯ ಪರಿಭಾಷೆಯಲ್ಲಿ ಹೇಳುವುದಾದರೆ ಈ ಕಲೆಯ ಸ್ಥಾಯಿಭಾವ ಜುಗುಪ್ಸೆ, ರಸ ಬೀಭತ್ಸ.

ಅರಕ್ಕಲ್ ಅವರು ಈ ಬೇಕನ್‌ನನ್ನು ಎದುರಿಸಿದ ಬಗೆಯನ್ನು ತಿಳಿಯಲು ಅವರ ಬದುಕಿನ ಕೆಲವು ಸಂಗತಿಗಳು ಅವಶ್ಯ. ಕೇರಳದ ಚಾವಕ್ಕಾಡಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಾಯ್ತಂದೆಯರನ್ನು ಕಳೆದುಕೊಂಡರು. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬೆಂಗಳೂರಿಗೆ ಬಂದು ಬೀದಿಯ ಬದುಕಿನ ಕಷ್ಟವನ್ನು ಮೈಯಾರೆ ಉಂಡರು. ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಂತ್ರಜ್ಞರಾಗಿ ದುಡಿದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಶಿಕ್ಷಣ ಪಡೆದರು. ದೆಹಲಿಯ ಗಢಿ ಕಲಾಶಾಲೆಯಲ್ಲಿ ಮುದ್ರಣಕಲೆಯನ್ನು ಅಭ್ಯಾಸ ಮಾಡಿದರು. ತೈಲವರ್ಣದಲ್ಲಿಯೂ ಮುದ್ರಣದಲ್ಲಿಯೂ ಲೋಹಶಿಲ್ಪದಲ್ಲಿಯೂ ಕೈಯಾಡಿಸಿ ೨೦೧೬ರ ಅಕ್ಟೋಬರ್ ೪ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಚಿತ್ರಗಳಲ್ಲಿ ಕಾಣುವ ಮನುಷ್ಯನು ಗ್ರಂಥದಿಂದ ಎದ್ದು ಬಂದವನಲ್ಲ, ಕಾಲ್ದಾರಿಯ ಕಲ್ಲುಹಾಸಿನಿಂದ ಎದ್ದು ಬಂದವನು ಎಂಬುದಕ್ಕೆ ಈ ಜೀವನವೃತ್ತವೇ ಸಾಕ್ಷಿ.

ಆ ಮನುಷ್ಯನ ಲಕ್ಷಣಗಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಅವನು ಬಹುಮಟ್ಟಿಗೆ ಒಂಟಿ. ತಲೆ ಬಾಗಿದೆ, ಹೆಗಲು ಕುಸಿದಿದೆ. ಮುಖವಿದ್ದರೂ ಅದು ಮಸುಕು. ಕಣ್ಣುಮೂಗುಗಳು ಬಣ್ಣದ ಪದರಗಳಲ್ಲಿ ಕರಗಿ, ಇಂಥವನೆಂದು ಗುರುತಿಸಲಾಗದ ಸ್ಥಿತಿಗೆ ಬಂದಿವೆ. ಸುತ್ತಲೂ ಮಣ್ಣಿನ ಕಂದು, ಬೂದಿ, ಮಾಸಿದ ಕಪ್ಪು. ಹಿನ್ನೆಲೆಯಾಗಿ ಒಂದು ಹಳೆಯ ಗೋಡೆ. ಕೆಲವು ಕೃತಿಗಳಲ್ಲಿ ಆ ಗೋಡೆಯ ಮೇಲೆ ಅಕ್ಷರಗಳ, ಅಂಕಿಗಳ ಚೂರುಗಳು. ಹೆಸರು ಅಳಿದ ಮನುಷ್ಯನ ಬೆನ್ನಿಗೆ ಅಂಕಿಗಳು ಉಳಿದಿರುವುದು ನಗರಜೀವನದ ಕುರಿತು ಒಂದು ದೀರ್ಘ ಪ್ರಬಂಧ ಹೇಳಬಹುದಾದುದನ್ನು ಮೌನವಾಗಿ ಹೇಳುತ್ತದೆ. ಅಪರೂಪಕ್ಕೆಂಬಂತೆ ಮಗುವೊಂದು ಬರುತ್ತದೆ, ಗಾಳಿಪಟವೊಂದು ಬರುತ್ತದೆ. ಆಗ ಆ ಕಂದು ಲೋಕಕ್ಕೆ ಆಕಾಶವೊಂದು ಇದೆಯೆಂಬ ನೆನಪಾಗುತ್ತದೆ.

ಇಲ್ಲಿಯ ವಿಕೃತಿಗೂ ಬೇಕನ್‌ನ ವಿಕೃತಿಗೂ ಇರುವ ಭೇದ ಮುಖ್ಯವಾದುದು. ಬೇಕನ್ ಮುಖವನ್ನು ತಿರುಚುತ್ತಾನೆ, ಅರಕ್ಕಲ್ ಮುಖವನ್ನು ಒರೆಸುತ್ತಾರೆ. ತಿರುಚಿದ ಮುಖ ನೋಡುಗನನ್ನು ದೂರ ತಳ್ಳುತ್ತದೆ. ಒರೆಸಿದ ಮುಖ, ಇವನು ಯಾರಾಗಿರಬಹುದು ಎಂದು ಹತ್ತಿರಕ್ಕೆ ಎಳೆಯುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಗುಳೆ ಹೋಗುವವರನ್ನು ಕಂಡಿರುವ ಮೊಳಕಾಲ್ಮೂರು, ಚಳ್ಳಕೆರೆಗಳ ಓದುಗನಿಗೆ ಈ ಪ್ರಶ್ನೆಯ ಉತ್ತರ ದೂರವಿಲ್ಲ. ಬೆಂಗಳೂರಿನ ಕಾಲ್ದಾರಿಯಲ್ಲಿ ತಲೆ ಬಾಗಿಸಿ ಕುಳಿತವನು ತನ್ನ ಊರಿನವನೇ ಆಗಿರಬಹುದು. ಮುಖವಿಲ್ಲದ ಕಾರಣದಿಂದಲೇ ಆ ಆಕೃತಿ ಯಾರ ಮುಖವನ್ನಾದರೂ ತಾಳಬಲ್ಲುದು.

ಈ ಭೇದವು ಸಂಪೂರ್ಣವಾಗಿ ಪ್ರಕಟವಾಗುವುದು 'ಬೇಕನ್‌ನ ಮನುಷ್ಯ, ಮಗು ಮತ್ತು ಪಾದ್ರಿ' ಎಂಬ ಕೃತಿಯಲ್ಲಿ. ಇಟಲಿಯ ಫ್ಲಾರೆನ್ಸ್ ನಗರದ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ೨೦೦೫ರಲ್ಲಿ ಇದಕ್ಕೆ ಸ್ವರ್ಣಪದಕ ದೊರೆಯಿತು. ಪದಕಕ್ಕಿಂತಲೂ ಕೃತಿಯ ಶೀರ್ಷಿಕೆ ಹೆಚ್ಚು ವಿಚಾರಾರ್ಹ. ಬೇಕನ್‌ನ ಪ್ರಸಿದ್ಧ ಚಿತ್ರಗಳಲ್ಲಿ ಮನುಷ್ಯನು ತನ್ನ ಯಾತನೆಯೊಡನೆ ಒಬ್ಬನೇ ಇರುತ್ತಾನೆ. ಧರ್ಮಗುರು ಸಹ ತನ್ನ ಪೀಠದಲ್ಲಿ ಒಬ್ಬನೇ ಚೀರುತ್ತಾನೆ. ಅರಕ್ಕಲ್ ಆ ಮನುಷ್ಯನನ್ನು ಬೇಕನ್‌ನಿಂದ ಎರವಲು ಪಡೆದು, ಅವನ ಬಳಿಗೆ ಮಗುವನ್ನೂ ಧರ್ಮಗುರುವನ್ನೂ ಕರೆತರುತ್ತಾರೆ. ಒಬ್ಬನ ನರಳಾಟವಾಗಿದ್ದುದು ಮೂವರ ಸಂಬಂಧದ ಪ್ರಶ್ನೆಯಾಗುತ್ತದೆ. ನೊಂದವನ ಎದುರಿಗೆ ಮುಗ್ಧತೆಯ ಸ್ಥಾನವೇನು, ಧರ್ಮಪೀಠದ ಹೊಣೆಯೇನು ಎಂಬುದನ್ನು ಕೇಳದೆ ಈ ಕೃತಿಯನ್ನು ನೋಡಿ ಮುಗಿಸುವಂತಿಲ್ಲ. ಬೀಭತ್ಸವು ಇಲ್ಲಿ ಕರುಣಕ್ಕೆ ತಿರುಗಿದೆ. ಜುಗುಪ್ಸೆಯಲ್ಲಿ ನೋಡುಗನು ತನ್ನನ್ನು ಕಾಪಾಡಿಕೊಳ್ಳುತ್ತಾನೆ. ಶೋಕದಲ್ಲಿ ತನ್ನನ್ನು ಮರೆಯುತ್ತಾನೆ. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ತಿರುವು ಅಪರಿಚಿತವಾಗಬಾರದು.

ಇಷ್ಟಾದರೂ ಈ ಕಲೆಯ ಮಿತಿಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಒಂದೇ ಕಂದುಬೂದಿಯ ವರ್ಣಕ್ರಮ, ಒಂದೇ ಬಾಗಿದ ತಲೆ ಮತ್ತೆ ಮತ್ತೆ ಬಂದಾಗ ದುಃಖವು ಶೈಲಿಯಾಗಿಬಿಡುವ ಅಪಾಯವುಂಟು. ಗೋಡೆಯ ಮೇಲ್ಮೈಯನ್ನು ಪದರ ಪದರವಾಗಿ ಬೆಳೆಸುವ ಕೈಚಳಕ ಎಷ್ಟು ಮನೋಹರವೆಂದರೆ, ಕೆಲವೊಮ್ಮೆ ಕಣ್ಣು ನೊಂದವನನ್ನು ಬಿಟ್ಟು ಗೋಡೆಯನ್ನೇ ಸವಿಯತೊಡಗುತ್ತದೆ. ಬೀದಿಯ ಬಡವನು ಹೀಗೆ ಸಿರಿವಂತರ ಹಜಾರದ ಅಲಂಕಾರವಾಗುವುದರಲ್ಲಿ ಒಂದು ವಿಷಾದಕರ ವಿಡಂಬನೆಯಿದೆ. ಅದರ ಹೊಣೆ ಚಿತ್ರಕಾರನೊಬ್ಬನದೇ ಅಲ್ಲವಾದರೂ, ಚಿತ್ರವು ಅದಕ್ಕೆ ಎಡೆಗೊಟ್ಟಿದೆ ಎಂಬುದು ಸುಳ್ಳಲ್ಲ.

ಇದಕ್ಕಿಂತ ಗಹನವಾದ ಕೊರತೆ ಮತ್ತೊಂದಿದೆ. ಅರಕ್ಕಲ್ ಅವರ ಮನುಷ್ಯರಲ್ಲಿ ಬಹುಪಾಲು ಸುಮ್ಮನೆ ಕುಳಿತವರು, ಸುಮ್ಮನೆ ನಿಂತವರು. ಕಾರ್ಖಾನೆಯಲ್ಲಿ ಸ್ವತಃ ದುಡಿದ ಕಲಾವಿದರು ದುಡಿಯುವ ಕೈಯನ್ನು ಚಿತ್ರದ ನಡುವೆ ತಂದುದು ಕಡಿಮೆ. ಶರಣರು ದೇಹವನ್ನು ಗೌರವಿಸಿದುದು ಅದರ ಅಂದಕ್ಕಾಗಿ ಅಲ್ಲ, ಅದು ಕಾಯಕದ ಕ್ಷೇತ್ರವೆಂಬ ಕಾರಣಕ್ಕಾಗಿ. ಮೊಳಕಾಲ್ಮೂರಿನ ರೇಷ್ಮೆಯ ಸೀರೆಯನ್ನು ನೇಯುವವನು ಮಗ್ಗದ ಮುಂದೆ ದಿನವೆಲ್ಲ ಬಾಗಿ ಬಾಗಿ ಬೆನ್ನು ಬಾಗಿದವನು. ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿ ನೇಯುವವನ ಬೆರಳು ಉಣ್ಣೆಯ ಎಳೆಯೊಡನೆ ಸವೆದು ಒರಟಾದುದು. ಆ ಬೆನ್ನೂ ಆ ಬೆರಳೂ ಅಳತೆಗೋಲಿನ ಲೆಕ್ಕದಲ್ಲಿ ವಿಕೃತವೇ. ಆದರೆ ಆ ವಿಕೃತಿಗೆ ಒಂದು ಘನತೆಯಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ದುಡಿದವನಿಗೆ ದುಡಿಮೆಗೆ ತಕ್ಕ ಪ್ರತಿಫಲವೆಂಬ ತತ್ತ್ವವನ್ನು ಈ ನೆಲದಲ್ಲಿ ಬಿತ್ತಿದುದು ಮಣ್ಣು ಹೊತ್ತು ಬಾಗಿದ ಇಂಥ ಮೈಗಳನ್ನು ಕಂಡೇ ಅಲ್ಲವೆ? ಕಾಯಕದಿಂದ ಬಾಗಿದ ಮೈ ಬೇರೆ, ಅನ್ಯಾಯದಿಂದ ಮುರಿದ ಮೈ ಬೇರೆ. ಅರಕ್ಕಲ್ ಎರಡನೆಯದನ್ನು ಕಂಡಷ್ಟು ನಿಚ್ಚಳವಾಗಿ ಮೊದಲನೆಯದನ್ನು ಕಾಣಲಿಲ್ಲ. ಭೃಂಗಿಯ ಎಲುಬಿನ ಗೂಡು ಅವರ ಚಿತ್ರಗಳಲ್ಲಿ ಪೂರ್ಣವಾಗಿ ಮೂಡಿದೆ. ಮೂರನೆಯ ಕಾಲು ಮಗುವಿನ ರೂಪದಲ್ಲಿಯೋ ಗಾಳಿಪಟದ ರೂಪದಲ್ಲಿಯೋ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣಿಸಿಕೊಳ್ಳುತ್ತದೆ.

ಈ ಕೊರತೆಯನ್ನು ಹೇಳಿದ ಮಾತ್ರಕ್ಕೆ ಅವರ ಸಾಧನೆ ಕಿರಿದಾಗುವುದಿಲ್ಲ. ದೇಹವನ್ನು ಭಗ್ನವಾಗಿ ಚಿತ್ರಿಸುವುದು ಅಪಚಾರವೆ ಎಂಬ ಮೊದಲ ಪ್ರಶ್ನೆಗೆ ಅವರ ಕೃತಿಗಳು ಸ್ಪಷ್ಟವಾದ ಉತ್ತರವನ್ನೇ ಕೊಡುತ್ತವೆ. ಅಪಚಾರವು ಚಿತ್ರಪಟದಲ್ಲಿ ನಡೆದುದಲ್ಲ, ಬೀದಿಯಲ್ಲಿ ನಡೆದುದು. ಚಿತ್ರಕಾರನು ಅದಕ್ಕೆ ಸಾಕ್ಷಿ ನುಡಿದಿದ್ದಾನೆ. ದೇಗುಲ ಬಿರುಕು ಬಿಟ್ಟಿದೆಯೆಂದು ಹೇಳಿದವನನ್ನು ದೇಗುಲ ಕೆಡವಿದವನೆಂದು ದೂಷಿಸುವುದು ನ್ಯಾಯವಲ್ಲ. ಶರಣಸಾಹಿತ್ಯವನ್ನು ಓದುವ ವಿದ್ಯಾರ್ಥಿಯು ಈ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ದೇಹವೆಂಬ ದೇವಾಲಯದ ಮಾತನ್ನು ಬಾಯಿಪಾಠವಾಗಿ ಒಪ್ಪಿಸುವುದು ಸುಲಭ. ಮುಖವಿಲ್ಲದೆ ಬೀದಿಬದಿಯಲ್ಲಿ ಕುಳಿತ ಮೈಯೂ ಅಂಥದೇ ಒಂದು ದೇವಾಲಯವೆಂದು ಕಾಣುವುದು ಕಠಿನ. ಆ ಕಠಿನವಾದ ನೋಟವನ್ನು ಕಲಿಸುವ ಶಕ್ತಿ ಈ ವಿಕೃತಾಕೃತಿಗಳಿಗೆ ಉಂಟು.