ಗಿಟಾರಿನವನ ಮನೆಯಾಕೆ

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುತ್ತಿದ್ದಾಗ ಚೆಂಬೂರಿನ ತಾಯಿಯೊಬ್ಬರು ನಮ್ಮನ್ನು ಬದಿಗೆ ಕರೆದರು. ಮಗಳು ಬ್ಯಾಂಕಿನಲ್ಲಿದ್ದಾಳೆ. ಅವಳು ಮೆಚ್ಚಿದ ಹುಡುಗ ರಾಕ್ ಸಂಗೀತದ ತಂಡವೊಂದರಲ್ಲಿ ಗಿಟಾರ್ ಬಾರಿಸುತ್ತಾನೆ. ತಿಂಗಳಲ್ಲಿ ಹದಿನೈದು ದಿನ ಊರಲ್ಲಿರುವುದಿಲ್ಲ. ಇವತ್ತು ಪುಣೆ, ನಾಳೆ ಶಿಲ್ಲಾಂಗ್. "ಹುಡುಗ ಒಳ್ಳೆಯವನೇ. ಆದರೆ ನೆಲೆ ಎಲ್ಲಿ ಮಾರಾಯ್ರೆ? 'ರಾಕ್ ಆನ್' ಸಿನಿಮಾ ನೋಡಮ್ಮ, ಆಮೇಲೆ ಮಾತಾಡುವ ಅಂತಾಳೆ ಮಗಳು. ನೋಡಿದೆ, ಬರೀ ಗದ್ದಲ. ನೀವು ನಾಟಕ ಸಿನಿಮಾ ಅಂತ ಬರೀತೀರಲ್ಲ, ಒಮ್ಮೆ ನೋಡಿ ಹೇಳಿ" ಎಂದರು.

ಮದುವೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಚಿತ್ರದ ವಿಷಯದಲ್ಲಿ ಎರಡು ಮಾತು ಹೇಳಬಹುದು.

ಅಭಿಷೇಕ್ ಕಪೂರ್ ನಿರ್ದೇಶಿಸಿದ ಈ ಹಿಂದಿ ಚಿತ್ರ ತೆರೆಕಂಡದ್ದು 2008ರ ಆಗಸ್ಟ್‌ನಲ್ಲಿ. ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿತು. ನಮ್ಮ ಮುಂಬಯಿಯದೇ ಕಥೆ. ನಾಲ್ವರು ಗೆಳೆಯರು ಕೂಡಿ 'ಮ್ಯಾಜಿಕ್' ಎಂಬ ರಾಕ್ ತಂಡ ಕಟ್ಟುತ್ತಾರೆ. ಕೀರ್ತಿ ಇನ್ನೇನು ಕೈಗೆ ಬಂತು ಎನ್ನುವಾಗ ಜಗಳವಾಡಿ ಚದುರಿಹೋಗುತ್ತಾರೆ. ವರ್ಷಗಳ ಮೇಲೆ ನೋಡಿದರೆ ಹಾಡುಗಾರ ಆದಿತ್ಯ ದೊಡ್ಡ ಸಂಬಳದ ಹಣಕಾಸು ಅಧಿಕಾರಿ. ಡ್ರಮ್ ಬಾರಿಸುತ್ತಿದ್ದವನು ತಂದೆಯ ಆಭರಣದ ವ್ಯಾಪಾರದಲ್ಲಿದ್ದಾನೆ. ಗಿಟಾರ್ ಬಾರಿಸುತ್ತಿದ್ದ ಜೋ ಮಾಸ್ಕರೇನಸ್‌ಗೆ ಮಾತ್ರ ಹೇಳಿಕೊಳ್ಳುವಂಥ ಕೆಲಸವಿಲ್ಲ. ಅವನ ಸಂಸಾರ ನಡೆಯುವುದು ಹೆಂಡತಿ ಡೆಬ್ಬಿಯ ಮೀನಿನ ವ್ಯಾಪಾರದಿಂದ.

ಚಿತ್ರದ ಹೆಸರು, ಹಾಡು, ಭಿತ್ತಿಪತ್ರ ಎಲ್ಲವೂ ಆ ನಾಲ್ವರು ಗಂಡಸರದು. ಆದರೆ ನಮ್ಮ ಮನಸ್ಸಿನಲ್ಲಿ ಉಳಿದವಳು ಡೆಬ್ಬಿ. ಹಳೆಯ ದಿನಗಳ ದೃಶ್ಯಗಳಲ್ಲಿ ಈಕೆ ಹೇಗಿದ್ದಳೆಂದು ನೋಡಬೇಕು. ತಂಡದವರ ಉಡುಗೆತೊಡುಗೆಯ ಚಿಂತೆಯೆಲ್ಲ ಇವಳದೇ. ಅದರಲ್ಲೇ ಹೆಸರು ಮಾಡುವ ಕನಸೂ ಇತ್ತು. ನಗುನಗುತ್ತಾ ಅವರ ಹಿಂದೆ ತಿರುಗಿದ ಹುಡುಗಿ, ಗಿಟಾರಿನವನನ್ನು ಮೆಚ್ಚಿ ಕೈಹಿಡಿದಳು. ಈಗಿನ ದೃಶ್ಯಗಳಲ್ಲಿ ಅದೇ ಮುಖ ಬಿಗಿದಿದೆ. ಮೀನಿನ ಲೆಕ್ಕ, ಮಗನ ಶಾಲೆ, ಮನೆಯ ಖರ್ಚು. ಹಳೆಯ ಗೆಳೆಯರು ಮತ್ತೆ ಬಾಗಿಲಿಗೆ ಬಂದಾಗ ಗಂಡನ ಕಣ್ಣು ಬೆಳಗುತ್ತದೆ, ಅವಳ ಮುಖ ಕಪ್ಪಿಡುತ್ತದೆ. ಒಂದು ಸಲ ಸುಟ್ಟುಕೊಂಡವಳು ಮತ್ತೆ ಬೆಂಕಿಯ ಹತ್ತಿರ ಸಂಭ್ರಮದಿಂದ ಹೋಗಬೇಕೆಂದರೆ ಹೇಗೆ? ಈ ಪಾತ್ರ ಮಾಡಿದ ಶಹಾನಾ ಗೋಸ್ವಾಮಿಗೆ ಆಗಿನ್ನೂ ಇಪ್ಪತ್ತೆರಡರ ವಯಸ್ಸು ಎಂದರೆ ನಂಬುವುದು ಕಷ್ಟ. ಜೋ ಆಗಿ ನಟಿಸಿದ ಅರ್ಜುನ್ ರಾಂಪಾಲ್‌ಗೆ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂತು, ಬರಲಿ. ಅವನ ಮೌನಕ್ಕೆ ಅರ್ಥ ಬಂದದ್ದು ಎದುರಿಗೆ ಈಕೆ ಇದ್ದುದರಿಂದ ಎಂಬುದು ನಮ್ಮ ಅನಿಸಿಕೆ.

ಡೆಬ್ಬಿ ಗಂಡನಿಗೊಂದು ಕೆಲಸ ಗೊತ್ತುಮಾಡುತ್ತಾಳೆ. ಪ್ರವಾಸಿ ಹಡಗಿನಲ್ಲಿ ಗಿಟಾರ್ ಬಾರಿಸುವ ಕೆಲಸ. ಇಲ್ಲಿ ಚಿತ್ರ ತನಗೆ ಅರಿವಿಲ್ಲದೆಯೇ ಒಂದು ದೊಡ್ಡ ಸತ್ಯವನ್ನು ಮುಟ್ಟಿದೆ. ಹಡಗೆಂದರೆ ತಿಂಗಳುಗಟ್ಟಲೆ ಗಂಡ ಕಣ್ಣಿಗೆ ಬೀಳುವುದಿಲ್ಲ. ಅಲೆದಾಟವೇ ಬೇಡವಾಗಿದ್ದರೆ ಇವಳು ಆ ಕೆಲಸ ಹುಡುಕುತ್ತಿದ್ದಳೆ? ಅವಳಿಗೆ ಬೇಕಿದ್ದುದು ಒಂದನೇ ತಾರೀಖಿಗೆ ಬರುವ ಹಣದ ಭರವಸೆ.

ನಮ್ಮವರ ಕಥೆ ಬೇರೆಯೇ? ಉಡುಪಿ, ಕುಂದಾಪುರ, ಕಾಸರಗೋಡಿನ ಕಡೆಯಿಂದ ಬಂದ ನಮ್ಮ ಹಿರಿಯರು ಕೋಟೆ ಭಾಗದ ಹೋಟೆಲುಗಳಲ್ಲಿ ಮಲಗಿ, ರಾತ್ರಿ ಶಾಲೆ ಕಲಿತು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೋಗುತ್ತಿದ್ದರು. ಹೆಂಡತಿ ಊರಲ್ಲಿ ಅತ್ತೆಯ ಜೊತೆ. ಮಕ್ಕಳಿಗೆ ಅಪ್ಪನ ಗುರುತು ಮನಿಯಾರ್ಡರಿನಿಂದ. ಆಮೇಲೆ ಕೊಲ್ಲಿ ದೇಶಗಳಿಗೆ, ಹಡಗುಗಳಿಗೆ ಹೋದವರೆಷ್ಟೋ. ಆ ಅಳಿಯಂದಿರನ್ನು ಯಾವ ಅತ್ತೆಯೂ "ನೆಲೆ ಎಲ್ಲಿ" ಎಂದು ಕೇಳಿದ್ದು ನಮಗೆ ತಿಳಿಯದು. ಕಾಫಿ ಲೋಟ ಹಿಡಿದು ನಮ್ಮೊಡನೆ ಮಾತಾಡಿದ ತಾಯಿಯ ಮಾವನವರೂ ಹೋಟೆಲಿನಲ್ಲೇ ಮಲಗಿ ಬೆಳೆದವರು. ತಿಂಗಳಲ್ಲಿ ಹದಿನೈದು ದಿನ ಊರಲ್ಲಿಲ್ಲ ಎನ್ನುವುದು ಅವರ ಮನೆತನಕ್ಕೆ ಹೊಸದೇನಲ್ಲ.

ಸಂಗೀತವೇ ಕಾರಣವೆನ್ನೋಣವೇ? ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬಂದಾಗ ಸಭಾಂಗಣ ತುಂಬಿಸುವವರು ನಾವೇ. ಮೇಳದ ತಿರುಗಾಟ ಮಳೆ ಮುಗಿದ ಮೇಲೆ ಹೊರಟರೆ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ನಿಲ್ಲುತ್ತದೆ. ಮಳೆಗಾಲದಲ್ಲಿ ಮೇಳದ ಸಂಬಳವಿಲ್ಲ. ಇಲ್ಲಿಗೆ ಬರುವುದು ಆ ತಿಂಗಳುಗಳನ್ನು ದಾಟುವುದಕ್ಕೂ ಹೌದು. ನಾವು ಭಾಗವತರ ಏರುಕಂಠಕ್ಕೆ ತಲೆದೂಗುತ್ತೇವೆ, ಶಾಲು ಹೊದೆಸುತ್ತೇವೆ. ಊರಿನಲ್ಲಿ ಆಕೆ ಹಸು ಕಟ್ಟಿ, ಬೀಡಿ ಸುತ್ತಿ ಮನೆ ನಡೆಸುತ್ತಿದ್ದಾಳೆಂಬುದು ಸನ್ಮಾನ ಪತ್ರದಲ್ಲಿ ಬರುವುದಿಲ್ಲ.

ಮಂಚಿಯ ಬಿ. ವಿ. ಕಾರಂತರನ್ನು ನೆನೆಯಬೇಕು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು; ಬನಾರಸ್, ದೆಹಲಿ, ಭೋಪಾಲ, ಮೈಸೂರು ಎಂದು ಬದುಕಿಡೀ ತಿರುಗಿದವರು. ರಂಗಸಂಗೀತಕ್ಕೆ ಅವರು ಕೊಟ್ಟದ್ದನ್ನು ಇಲ್ಲಿ ಹೇಳಬೇಕಾಗಿಲ್ಲ. ದೆಹಲಿಯಲ್ಲಿ ಅವರು ರಾಷ್ಟ್ರೀಯ ನಾಟಕ ಶಾಲೆ ಸೇರಿದ ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಹಿಡಿದವರು ಪತ್ನಿ ಪ್ರೇಮಾ. ವೈದೇಹಿಯವರು ನಿರೂಪಿಸಿದ ಕಾರಂತರ ಆತ್ಮಕಥೆಯ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಪ್ರೇಮಾ ಅವರದು 'ಸೋಲಿಸಬೇಡ ಗೆಲಿಸಯ್ಯಾ'. ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆ ಓದಿಕೊಳ್ಳಿ. ಆದರೆ ಪ್ರೇಮಾ ಕೇವಲ ಮನೆ ಕಾದವರಲ್ಲ. ತಾವೂ ನಾಟಕ ಶಾಲೆಯಲ್ಲಿ ಕಲಿತರು, ಮಕ್ಕಳ ನಾಟಕ ಕಟ್ಟಿದರು, 1983ರಲ್ಲಿ 'ಫಣಿಯಮ್ಮ' ಚಿತ್ರ ನಿರ್ದೇಶಿಸಿದರು. ಡೆಬ್ಬಿಗೆ ಸಿಗದೆ ಹೋದದ್ದು ಇದು. ಅವಳ ಸೂಜಿ ದಾರ ಪೆಟ್ಟಿಗೆಯೊಳಗೆ ಸೇರಿತು, ಕೈಗೆ ತಕ್ಕಡಿ ಬಂತು. ಜೋನ ಗಿಟಾರ್ ಮೌನವಾದುದಕ್ಕೆ ಮರುಗುವ ಚಿತ್ರ ಇದಕ್ಕೆ ಅಷ್ಟು ಮರುಗುವುದಿಲ್ಲ.

ನಮ್ಮ ತಕರಾರು ಇರುವುದು ಕೊನೆಯ ಭಾಗದ ಬಗ್ಗೆ. ಹಡಗು ಹಿಡಿಯಲು ಹೊರಟ ಜೋ ದಾರಿಯಲ್ಲಿ ರೇಡಿಯೋದಲ್ಲಿ ಗೆಳೆಯರ ಹಾಡು ಕೇಳಿ ಹಿಂತಿರುಗಿ ವೇದಿಕೆ ಏರುತ್ತಾನೆ. ಜನ ಕುಣಿಯುತ್ತಾರೆ, ನಾವೂ ಕುರ್ಚಿಯ ಅಂಚಿಗೆ ಬಂದದ್ದು ಸುಳ್ಳಲ್ಲ. ಆದರೆ ಮರುದಿನ ಬೆಳಗ್ಗೆ? ಹಡಗು ಹೋಯಿತು, ಸಂಬಳ ಹೋಯಿತು. ಅದಕ್ಕೆ ಉತ್ತರವಾಗಿ ತೆರೆಯ ಮೇಲೆ ನಾಲ್ಕು ಸಾಲು ಬರುತ್ತವೆ: ಜೋ ಮತ್ತು ಗೆಳೆಯ ಧ್ವನಿಮುದ್ರಣ ಸಂಸ್ಥೆ ಕಟ್ಟಿ ಯಶಸ್ವಿಯಾದರಂತೆ. ಎರಡೂವರೆ ಗಂಟೆ ಒಬ್ಬ ಹೆಣ್ಣುಮಗಳ ಚಿಂತೆಯನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸಿ, ಕಡೆಗೆ ಒಂದು ರಾತ್ರಿಯ ಕಛೇರಿಯಿಂದ ಅದನ್ನು ತೀರಿಸಿಬಿಡುವುದು ಸರಿಯಲ್ಲ. ಮುಖ ಸಡಿಲಿಸಬೇಕಾದವಳು ಅವಳು. ಜೋ ಬದಲಾಗಬೇಕೆಂದು ಯಾರೂ ಕೇಳುವುದಿಲ್ಲ. ಆದಿತ್ಯನ ಹೆಂಡತಿ ಸಾಕ್ಷಿಯ ವಿಷಯದಲ್ಲಿ ಚಿತ್ರ ಹೆಚ್ಚು ನ್ಯಾಯವಾಗಿದೆ. ಆಕೆಗೆ ನೆಲೆಯೂ ಇದೆ, ಹಣವೂ ಇದೆ, ಗಂಡ ಮಾತ್ರ ಒಳಗಿನಿಂದ ಸತ್ತಂತಿದ್ದಾನೆ. ನೆಲೆಯೊಂದೇ ಸಾಕೆನ್ನುವವರು ಅವಳ ಊಟದ ಮೇಜಿನ ಮೌನವನ್ನು ನೋಡಬೇಕು.

ಈ ಚಿತ್ರಕ್ಕೆ ಸಂಗೀತ ಕೊಟ್ಟ ಮೂವರಲ್ಲಿ ಒಬ್ಬರಾದ ಶಂಕರ್ ಮಹಾದೇವನ್ ಬೆಳೆದದ್ದು ಇದೇ ಚೆಂಬೂರಿನಲ್ಲಿ. ಎಂಜಿನಿಯರಿಂಗ್ ಓದಿ, ಕಂಪ್ಯೂಟರ್ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಹಾಡಿನ ದಾರಿ ಹಿಡಿದವರು. ಗೆದ್ದವರ ಉದಾಹರಣೆ ಕೊಡುವುದು ಸುಲಭ, ಆದ್ದರಿಂದ ಅದನ್ನು ಹೆಚ್ಚು ಎಳೆಯುವುದಿಲ್ಲ. 2016ರಲ್ಲಿ ಬಂದ ಎರಡನೆಯ ಭಾಗವನ್ನು ಓದುಗರು ನೋಡದಿದ್ದರೆ ನಷ್ಟವಿಲ್ಲ.

ಇಷ್ಟನ್ನೂ ಆ ತಾಯಿಗೆ ಫೋನಿನಲ್ಲಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳು ಆ ಹುಡುಗನನ್ನೂ ಕೂರಿಸಿಕೊಂಡು ಚಿತ್ರ ನೋಡಿದ ಸಂಗತಿ ಹೇಳಿದರು. ಅವನು ಕಡೆಯ ಹಾಡನ್ನು ಇನ್ನೊಮ್ಮೆ ಹಾಕು ಎಂದನಂತೆ. ಇವಳು ಹಿಂದಕ್ಕೆ ಹೋಗಿ ಡೆಬ್ಬಿಯ ಮೀನಿನ ವ್ಯಾಪಾರದ ದೃಶ್ಯ ಹಾಕಿದಳಂತೆ. ಅವನು ಪೂರ್ತಿ ನೋಡಿದನಂತೆ, ಎದ್ದು ಹೋಗಲಿಲ್ಲವಂತೆ. ಬರುವ ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದಾರೆ.