ಗೇಟು ಮತ್ತು ಅಡುಗೆಮನೆ: ವಿದ್ಯಾರ್ಥಿ ವಸತಿಯ ಎರಡು ಒರೆಗಲ್ಲುಗಳು

ಪದವಿ ಕಾಲೇಜಿನಲ್ಲಿ ಸೀಟು ಸಿಕ್ಕ ಮೇಲೆ ಹಳ್ಳಿಯ ಇಲ್ಲವೆ ಸಣ್ಣ ಊರಿನ ಕುಟುಂಬವೊಂದು ಬಿಡಿಸಿಕೊಳ್ಳಬೇಕಾದ ಮುಂದಿನ ಪ್ರಶ್ನೆ ವಾಸದ್ದು. ಕಾಲೇಜಿನ ಆವರಣದಲ್ಲಿರುವ ಹಾಸ್ಟೆಲೋ, ಹೊರಗಿನ ಬಾಡಿಗೆ ಕೋಣೆಯೋ, ಅಥವಾ ಪಿ.ಜಿ. ಎಂದು ಎಲ್ಲರೂ ಕರೆಯುವ, ಊಟವನ್ನೂ ಮಂಚವನ್ನೂ ಒಟ್ಟಾಗಿ ತಿಂಗಳ ಲೆಕ್ಕದಲ್ಲಿ ಕೊಡುವ ಖಾಸಗಿ ವಸತಿಯೋ ಎಂಬುದನ್ನು ಖರ್ಚು, ದೂರ, ಸುರಕ್ಷತೆಗಳನ್ನು ನೋಡಿ ತೀರ್ಮಾನಿಸುವುದು ರೂಢಿ. ಈ ಮೂರೂ ಬೇಕಾದವೇ. ಆದರೆ ಮೂರು ವರ್ಷಗಳ ಕಾಲ ವಿದ್ಯಾರ್ಥಿಯ ಹಗಲು ರಾತ್ರಿಗಳ ಮೇಲೆ ಯಾರ ಅಧಿಕಾರ ನಡೆಯುತ್ತದೆ ಎಂಬ ಸಂಗತಿಯನ್ನು ಇವು ತಿಳಿಸುವುದಿಲ್ಲ. ಗೇಟು ಮುಚ್ಚುವ ಹೊತ್ತನ್ನು ಗೊತ್ತುಮಾಡುವವರು ಯಾರು, ಅಡುಗೆಮನೆಯ ಲೆಕ್ಕ ಬರೆಯುವವರು ಯಾರು ಎಂದು ಕೇಳಿದಾಗ ಮಾತ್ರ ಒಂದು ವಸತಿಯ ನಿಜವಾದ ಗುಣ ಹೊರಬೀಳುತ್ತದೆ, ಮತ್ತು ಈ ಎರಡು ಒರೆಗಲ್ಲುಗಳಿಗೆ ಉಜ್ಜಿದರೆ ಆವರಣದ ಒಳಗು-ಹೊರಗು ಎಂಬ ಭೇದ ಮೊದಲು ಕಂಡಷ್ಟು ಸರಳವಾಗಿ ಉಳಿಯುವುದಿಲ್ಲ.

ಕರ್ನಾಟಕದ ವಿದ್ಯಾರ್ಥಿ ನಿಲಯಗಳ ಚರಿತ್ರೆ ಕಾಲೇಜಿನ ಆವರಣದಲ್ಲಿ ಆರಂಭವಾದದ್ದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಓದಲೆಂದು ಪಟ್ಟಣಕ್ಕೆ ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು, ಅಂದರೆ ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆಯಲ್ಲಿ ಊಟ ಗೊತ್ತುಮಾಡಿಕೊಂಡು ಓದು ಮುಂದುವರಿಸುವ ಏರ್ಪಾಡಿತ್ತು; ಜಾತಿಯ ಕಾರಣಕ್ಕೆ ಆ ಮನೆಗಳ ಹೊಸ್ತಿಲು ದಾಟಲಾಗದವರಿಗೆ ಬೇರೆಯ ದಾರಿಯೇ ಬೇಕಾಗಿತ್ತು. ಮೈಸೂರಿನಲ್ಲಿ ತಾತಯ್ಯ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಕಟ್ಟಿದ ಅನಾಥಾಲಯ, ತುಮಕೂರಿನ ಸಿದ್ಧಗಂಗೆ ಮತ್ತು ಧಾರವಾಡದ ಮುರುಘಾಮಠಗಳ ಉಚಿತ ಪ್ರಸಾದ ನಿಲಯಗಳು, 1901ರಿಂದ ಮೊದಲಾಗಿ ಶಾಹು ಮಹಾರಾಜರ ಆಸರೆಯಲ್ಲಿ ಕೊಲ್ಹಾಪುರದಲ್ಲಿ ಬೆಳೆದ ಸಮುದಾಯವಾರು ಬೋರ್ಡಿಂಗುಗಳು, 1920ರ ದಶಕದ ಕೊನೆಗೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಇತರ ಕೆಲವು ಊರುಗಳ ಜೊತೆಗೆ ಧಾರವಾಡದಲ್ಲೂ ನಡೆದ ವಿದ್ಯಾರ್ಥಿ ನಿಲಯ, ಇವೆಲ್ಲ ಆ ದಾರಿಯ ಹೆಜ್ಜೆಗಳು. ಇವು ಯಾವೊಂದು ಕಾಲೇಜಿಗೂ ಸೇರಿದವಲ್ಲ, ಕಾಲೇಜಿನ ಆವರಣದ ಹೊರಗೆ ಇದ್ದವು. ಹಾಗಿದ್ದೂ ಇವಿಲ್ಲದೆ ಕಾಲೇಜು ಬಹುಪಾಲು ಜನರಿಗೆ ಎಟುಕುತ್ತಲೇ ಇರಲಿಲ್ಲ. ಆದ್ದರಿಂದ ಕನ್ನಡನಾಡಿನಲ್ಲಿ ಹಾಸ್ಟೆಲನ್ನು ಶಿಕ್ಷಣದ ಅನುಬಂಧವೆಂದು ತಿಳಿಯುವುದು ಚರಿತ್ರೆಯನ್ನು ಮರೆತ ಮಾತಾಗುತ್ತದೆ. ಇಲ್ಲಿ ಮೊದಲು ಅನ್ನ ಸಿಕ್ಕಿತು, ಆಮೇಲೆ ತರಗತಿ.

ಸಮುದಾಯದ ಹಾಸ್ಟೆಲು ತನ್ನೊಳಗೆ ಒಂದು ರಾಜಕೀಯ ಶಿಕ್ಷಣವನ್ನೂ ಇಟ್ಟುಕೊಂಡಿತ್ತು. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಬೆಂಗಳೂರಿನ ಹಾಸ್ಟೆಲ್ ಬದುಕಿಗೆ ಸಿಕ್ಕಿರುವ ಜಾಗ ಆಕಸ್ಮಿಕವಲ್ಲ. 1973ರ ಬೂಸಾ ಪ್ರಕರಣದಲ್ಲಿ, ಎಂದರೆ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಕುರಿತು ಆಡಿದ ಮಾತಿನಿಂದ ಎದ್ದ ಗಲಭೆಯಲ್ಲಿ, ದಲಿತ ವಿದ್ಯಾರ್ಥಿಗಳ ಹಾಸ್ಟೆಲುಗಳು ದಾಳಿಗೂ ಗುರಿಯಾದವು, ಪ್ರತಿರೋಧಕ್ಕೂ ನೆಲೆಯಾದವು. ಮುಂದೆ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರಲ್ಲಿ ಅನೇಕರು ಆ ಕೋಣೆಗಳಲ್ಲೇ ಮಾತು ಕಲಿತವರು. ಈ ಸಾಧನೆಯನ್ನು ಪೂರ್ತಿಯಾಗಿ ಮೆಚ್ಚಿಕೊಂಡೇ ಒಂದು ಮಿತಿಯನ್ನು ಹೇಳಬೇಕು. ಒಂದೇ ಸಮುದಾಯದವರ ಪಂಕ್ತಿಯಲ್ಲಿ ಧೈರ್ಯ ಬೆಳೆಯುತ್ತದೆ, ಆದರೆ ಆ ಪಂಕ್ತಿಯ ಹೊರಗಿನವನ ತಟ್ಟೆಯ ಪಕ್ಕದಲ್ಲಿ ಕೂರುವ ಅಭ್ಯಾಸ ಅಲ್ಲಿ ಬೆಳೆಯಲಾರದು. ಈ ಅಭ್ಯಾಸವನ್ನು ಕೊಡಬಲ್ಲದ್ದು ಕಾಲೇಜು ಅಥವಾ ವಿಶ್ವವಿದ್ಯಾನಿಲಯದ ಸ್ವಂತ ಹಾಸ್ಟೆಲು ಮಾತ್ರ. ಏಕೆಂದರೆ ಅಲ್ಲಿ ಕೋಣೆಯ ಹಂಚಿಕೆ ಹೆಚ್ಚಾಗಿ ವಿಷಯ, ವರ್ಷ, ಅಂಕಗಳನ್ನು ನೋಡಿ ನಡೆಯುತ್ತದೆ, ಕೋಣೆಯ ಜೊತೆಗಾರನನ್ನು ಆರಿಸಿಕೊಳ್ಳುವ ಅವಕಾಶ ಮೊದಲ ವರ್ಷದವನಿಗೆ ಇರುವುದಿಲ್ಲ. ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ ರೂಪುಗೊಂಡ ಮಾನಸಗಂಗೋತ್ರಿಯಂಥ ಆವರಣದಲ್ಲಿ ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲು ನಡೆದು ಹೋಗುವಷ್ಟು ದೂರದಲ್ಲಿರುವುದರ ಅರ್ಥ ಇಲ್ಲಿದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ರಾತ್ರಿ ಊಟವಾದ ಮೇಲೆ ಇತಿಹಾಸದ ವಿದ್ಯಾರ್ಥಿಯ ಮಾತು ಕೇಳಿಸಿಕೊಳ್ಳುವ ಅವಕಾಶ ಪಠ್ಯಕ್ರಮದ ಯಾವ ಪುಟದಲ್ಲೂ ಸಿಗುವುದಿಲ್ಲ.

ಇಷ್ಟು ಬೆಲೆಬಾಳುವ ವ್ಯವಸ್ಥೆಯನ್ನು ಅದರ ಆಡಳಿತವೇ ಅನೇಕ ಕಡೆ ಕೆಡಿಸಿಟ್ಟಿದೆ. ಮೊದಲ ಒರೆಗಲ್ಲಾದ ಗೇಟನ್ನು ನೋಡಿದರೆ, ಹುಡುಗರ ಹಾಸ್ಟೆಲಿನಲ್ಲಿ ಸಡಿಲವಾಗಿರುವ ನಿಯಮ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆಯ ಹಾಜರಿ, ವಾರ್ಡನ್ ಸಹಿ, ಪೋಷಕರ ಪತ್ರ ಎಂದು ಬಿಗಿಯಾಗುತ್ತ ಹೋಗುತ್ತದೆ; ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದರೂ ಅಲ್ಲಿ ಕೂತು ಓದುವ ಹಕ್ಕು ಅರ್ಧದಷ್ಟು ವಿದ್ಯಾರ್ಥಿಗಳಿಗೆ ಸಂಜೆಗೇ ಮುಗಿದುಹೋಗುತ್ತದೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ ಎಂಬ ಚಳವಳಿ ಕಟ್ಟಿದ್ದು ಇದೇ ಕಾರಣಕ್ಕೆ. 2019ರಲ್ಲಿ ಕೇರಳ ಹೈಕೋರ್ಟು, ಹಾಸ್ಟೆಲಿನಲ್ಲಿ ಗೊತ್ತಾದ ವೇಳೆಯಲ್ಲಿ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯೊಬ್ಬರ ಪರವಾಗಿ ತೀರ್ಪು ಕೊಟ್ಟು, ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಇಂಥ ತೀರ್ಪು ಬಂದರೂ ಪೋಷಕರು ಬಿಗಿಯಾದ ಗೇಟನ್ನೇ ಒಳ್ಳೆಯ ಹಾಸ್ಟೆಲಿನ ಗುರುತೆಂದು ಬಗೆಯುತ್ತಾರೆ, ಆಡಳಿತದವರು ಆ ನಂಬಿಕೆಯನ್ನು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತಾರೆ. ಮತ ಹಾಕುವ ವಯಸ್ಸಿನ ಹೆಣ್ಣುಮಗಳನ್ನು ಸಂಜೆಯ ಹಾಜರಿಯ ಮೂಲಕ ಕಾಪಾಡಲಾಗುತ್ತಿದೆ ಎಂಬ ವಾದ ಒಪ್ಪತಕ್ಕದ್ದಲ್ಲ. ಬೀದಿ ದೀಪ, ರಾತ್ರಿ ಕಾವಲು, ಗ್ರಂಥಾಲಯದಿಂದ ಹಾಸ್ಟೆಲಿನವರೆಗೆ ಓಡಾಡುವ ವಾಹನ, ಇವುಗಳಿಗೆ ಹಣ ಖರ್ಚಾಗುತ್ತದೆ, ಬೀಗಕ್ಕೆ ಆಗುವುದಿಲ್ಲ ಎಂಬುದೇ ಆ ವಾದದ ಹಿಂದಿನ ನಿಜ.

ಎರಡನೆಯ ಒರೆಗಲ್ಲಾದ ಅಡುಗೆಮನೆಯಲ್ಲಿ ಕರ್ನಾಟಕದ ಹಾಸ್ಟೆಲುಗಳಿಗೆ ಹೆಮ್ಮೆಪಡಬಹುದಾದ ಒಂದು ಪರಂಪರೆಯೇ ಇದೆ. ಕೃಷಿ, ಎಂಜಿನಿಯರಿಂಗ್, ಸ್ನಾತಕೋತ್ತರ ಹಾಸ್ಟೆಲುಗಳಲ್ಲಿ ಬಳಕೆಗೆ ಬಂದ ಡಿವೈಡಿಂಗ್ ಪದ್ಧತಿಯಲ್ಲಿ ವಿದ್ಯಾರ್ಥಿಗಳೇ ಮೆಸ್ ಕಾರ್ಯದರ್ಶಿಯನ್ನು ಆರಿಸುತ್ತಾರೆ. ಅಕ್ಕಿ, ಬೇಳೆ, ತರಕಾರಿಯ ಖರೀದಿ ಅವರ ಕಣ್ಣೆದುರಿಗೇ ನಡೆಯುತ್ತದೆ. ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಎಲ್ಲರ ಊಟದ ದಿನಗಳಿಂದ ಭಾಗಿಸಿ, ಊರಿಗೆ ಹೋಗಿ ಊಟ ಬಿಟ್ಟವರ ದಿನಗಳನ್ನು ಕಳೆದು, ಅವರವರ ಪಾಲನ್ನು ನೋಟಿಸ್ ಬೋರ್ಡಿಗೆ ಹಚ್ಚಲಾಗುತ್ತದೆ. ಈ ಲೆಕ್ಕದಲ್ಲಿ ಜಗಳಗಳಾಗುತ್ತವೆ, ಕಾರ್ಯದರ್ಶಿಯ ಮೇಲೆ ಅನುಮಾನ ಬೀಳುತ್ತದೆ, ಮೊಟ್ಟೆ ಮತ್ತು ಮಾಂಸದ ದಿನ ಯಾವುದೆಂಬ ಚರ್ಚೆ ಜಾತಿಯ ಚರ್ಚೆಯಾಗಿ ತಿರುಗುವುದೂ ಉಂಟು. ಆದರೂ ಸಾರ್ವಜನಿಕ ಹಣದ ಜವಾಬ್ದಾರಿ, ಬಹುಮತದ ಮಿತಿ, ತನಗೆ ಸೇರದ ಊಟವನ್ನು ಇನ್ನೊಬ್ಬ ಸಂತೋಷದಿಂದ ಉಣ್ಣುವುದನ್ನು ಸಹಜವಾಗಿ ನೋಡುವ ಗುಣ, ಇವನ್ನು ಇಪ್ಪತ್ತರ ಹರೆಯದಲ್ಲಿ ಇಷ್ಟು ನೇರವಾಗಿ ಕಲಿಸುವ ಬೇರೆ ಪಾಠಶಾಲೆ ಇಲ್ಲ. ಮೆಸ್ಸನ್ನು ಗುತ್ತಿಗೆದಾರರಿಗೆ ಒಪ್ಪಿಸಿ ವರ್ಷದ ಶುಲ್ಕವನ್ನು ಮೊದಲೇ ಕಟ್ಟಿಸಿಕೊಳ್ಳುವ ಕಡೆಗಳಲ್ಲಿ ಹಾಸ್ಟೆಲು ತನ್ನ ಅತ್ಯುತ್ತಮ ಭಾಗವನ್ನು ಕೈಯಾರೆ ಕಳೆದುಕೊಳ್ಳುತ್ತದೆ, ಮತ್ತು ಅಂಥ ಹಾಸ್ಟೆಲಿಗೂ ಹೊರಗಿನ ಪಿ.ಜಿ.ಗೂ ಅಂತರ ಉಳಿಯುವುದು ದೂರದಲ್ಲಿ ಮಾತ್ರ.

ಹೊರಗಿನ ಕೋಣೆಯ ಕಥೆ ಊರಿಂದೂರಿಗೆ ಬೇರೆ. ಧಾರವಾಡದ ಸಪ್ತಾಪುರದಲ್ಲಿ ಇಬ್ಬರು ಮೂವರು ಸೇರಿ ರೂಮು ಹಿಡಿದು, ತಿಂಗಳ ಲೆಕ್ಕದ ಖಾನಾವಳಿಯಲ್ಲಿ ರೊಟ್ಟಿ ಪಲ್ಯ ಉಂಡು ಓದುವುದು ಒಂದು ಸ್ಥಿರವಾದ ಜೀವನಕ್ರಮವೇ ಆಗಿದೆ. ಮೈಸೂರಿನ ಸರಸ್ವತಿಪುರಂ, ಪಡುವಾರಹಳ್ಳಿಗಳಲ್ಲೂ ವಿದ್ಯಾರ್ಥಿ ಬಾಡಿಗೆದಾರ ಹೊಸಬನಲ್ಲ. ಇಲ್ಲಿ ಗೇಟಿನ ಕೀಲಿ ವಿದ್ಯಾರ್ಥಿಯ ಕೈಯಲ್ಲಿರುತ್ತದೆ, ಖಾನಾವಳಿ ಬಿಟ್ಟು ತಾನೇ ಬೇಯಿಸಿಕೊಂಡರೆ, ಸೀಮೆಎಣ್ಣೆಯ ಸ್ಟೌವಿನ ಕಾಲದಿಂದ ಗ್ಯಾಸಿನ ಕಾಲದವರೆಗೆ ಅಡುಗೆಯೂ ಅವನದೇ. ಆದರೆ ಆ ಕೀಲಿ ಕೈಗೆ ಬರುವ ಮೊದಲು ಮನೆ ಮಾಲೀಕರ ಪ್ರಶ್ನೆಗಳನ್ನು ದಾಟಬೇಕು. ಹೆಸರು ಕೇಳಿ, ಊರು ಕೇಳಿ, ಕೊನೆಗೆ ಏನು ಉಣ್ಣುತ್ತೀರಿ ಎಂದು ಕೇಳುವ ಕ್ರಮದಲ್ಲಿ ಜಾತಿ ಧರ್ಮಗಳ ವಿಚಾರಣೆ ಪೂರ್ತಿಯಾಗುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬರಹ ಬಾಡಿಗೆ ಬೋರ್ಡುಗಳಲ್ಲಿ ಯಾರ ಸಂಕೋಚಕ್ಕೂ ಕಾರಣವಾಗದೆ ನೇತಾಡುತ್ತದೆ. ಬೆಂಗಳೂರಿನಲ್ಲಂತೂ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಹಳೆಯ ರೂಢಿ ಬಡ ಕುಟುಂಬವನ್ನು ಮೊದಲ ಮೆಟ್ಟಿಲಲ್ಲೇ ನಿಲ್ಲಿಸುತ್ತದೆ. ಹೊರಗಿನ ಸ್ವಾತಂತ್ರ್ಯ ನಿಜವಾದದ್ದು, ಆದರೆ ಅದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ.

ಪಿ.ಜಿ.ಯನ್ನು ಈ ಸ್ವಾತಂತ್ರ್ಯದ ಲೆಕ್ಕಕ್ಕೆ ಸೇರಿಸುವುದು ಇನ್ನೂ ಕಷ್ಟ. ಅದು ಮನೆಯೋ ವಸತಿಗೃಹವೋ ಎಂಬುದು ಸರ್ಕಾರಕ್ಕೇ ಬಹುಕಾಲ ಸ್ಪಷ್ಟವಿರಲಿಲ್ಲ: 2023ರಲ್ಲಿ ಕರ್ನಾಟಕದ ತೆರಿಗೆ ಮುಂಗಡ ನಿರ್ಣಯ ಪ್ರಾಧಿಕಾರವು ಪಿ.ಜಿ. ಬಾಡಿಗೆಗೆ ಶೇಕಡ 12ರ ಜಿಎಸ್‌ಟಿ ಅನ್ವಯಿಸುತ್ತದೆ ಎಂದಿತು, 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯು ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನಗಳ ವಾಸಕ್ಕೆ ವಿನಾಯಿತಿ ಸೂಚಿಸಿತು. ಅದೇ ವರ್ಷ ಬೆಂಗಳೂರಿನ ಮಹಾನಗರ ಪಾಲಿಕೆ ಪ್ರತಿ ವಾಸಿಗೆ 70 ಚದರ ಅಡಿ ಜಾಗ ಇರಬೇಕೆಂಬ ನಿಯಮ ಮಾಡಬೇಕಾಗಿ ಬಂದದ್ದು ಅಲ್ಲಿನ ಇಕ್ಕಟ್ಟಿಗೆ ಸಾಕ್ಷಿ. ಹಾಸ್ಟೆಲಿನ ಗೇಟಿನ ವೇಳೆ ಅಲ್ಲೂ ಇದೆ, ಊಟದ ಪಟ್ಟಿ ಅಲ್ಲೂ ಬೇರೆಯವರದೇ, ಆದರೆ ದೂರು ಕೊಡಲು ವಾರ್ಡನ್ ಇಲ್ಲ, ಜೊತೆಗೂಡಿ ಕೇಳಲು ಸಹಪಾಠಿಗಳಿಲ್ಲ. ಪಕ್ಕದ ಮಂಚದವರು ಬೇರೆ ಕಾಲೇಜಿನವರೋ ಕಂಪನಿಯವರೋ ಆಗಿರುತ್ತಾರೆ. ಆವರಣದ ಹೊರಗಿನ ಆಯ್ಕೆಗಳಲ್ಲಿ ವಿದ್ಯಾರ್ಥಿಗೆ ಅತ್ಯಂತ ಕಡಿಮೆ ಕೊಡುವುದು ಇದು.

ಊರಿನಿಂದಲೇ ದಿನವೂ ಓಡಾಡುವ ನಾಲ್ಕನೆಯ ದಾರಿ ಈಗ ಹಿಗ್ಗಿದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು, ಹಾಗಾಗಿ ಓದು ನಿಲ್ಲಬಹುದಾಗಿದ್ದ ಹುಡುಗಿಯರು ಕಾಲೇಜಿನ ಮೆಟ್ಟಿಲು ಹತ್ತುವುದು ಸುಲಭವಾಯಿತು. ಇದನ್ನು ಮನಸಾರೆ ಸ್ವಾಗತಿಸುತ್ತಲೇ ಇನ್ನೊಂದು ಮಾತನ್ನೂ ಹೇಳಬೇಕು: ಬಸ್ಸು ಪುಕ್ಕಟೆಯಾದಾಗ ಹಾಸ್ಟೆಲು ಬೇಕಿಲ್ಲ ಎಂಬ ತೀರ್ಮಾನ ಮನೆಯಲ್ಲಿ ಹೆಣ್ಣುಮಗಳ ಬಗ್ಗೆಯೇ ಮೊದಲು ಆಗುತ್ತದೆ, ಮತ್ತು ಕೊನೆಯ ಬಸ್ಸಿನ ಹೊತ್ತು ಅವಳ ಪ್ರಯೋಗಾಲಯ, ಗ್ರಂಥಾಲಯ, ನಾಟಕದ ತಾಲೀಮು ಎಲ್ಲಕ್ಕೂ ಗೇಟಾಗುತ್ತದೆ. ಬಸ್ಸಿನಂತೆಯೇ ಹಣದ ನೆರವೂ ಹಾಸ್ಟೆಲಿಗೆ ಸಾಟಿಯಲ್ಲ: ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗಾಗಿ ಹಣ ಕೊಡುವ ವಿದ್ಯಾಸಿರಿ ಯೋಜನೆ ಆರಂಭದಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ಅದೂ ವರ್ಷದ 10 ತಿಂಗಳಿಗೆ. ದೊಡ್ಡ ಊರಿನ ಬಾಡಿಗೆಯ ಮುಂದೆ ಇದು ಹಾಸ್ಟೆಲಿನ ಬದಲಿಯಾಗಲಾರದು.

ಇವನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದರೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಿಗೆ ಮೊದಲ ವರ್ಷ ಆವರಣದ ಹಾಸ್ಟೆಲೇ ಮೇಲು ಎನ್ನಬೇಕಾಗುತ್ತದೆ, ಅದರಲ್ಲೂ ಮೆಸ್ಸಿನ ಲೆಕ್ಕ ವಿದ್ಯಾರ್ಥಿಗಳ ಕೈಯಲ್ಲಿರುವ ಹಾಸ್ಟೆಲು. ಮುಂದಿನ ವರ್ಷಗಳಲ್ಲಿ, ಮನಸ್ಸಿಗೆ ಒಗ್ಗುವ ಒಬ್ಬಿಬ್ಬರು ಗೆಳೆಯರು ಸಿಕ್ಕಿದ್ದರೆ, ಹೊರಗಿನ ಕೋಣೆ ಓದಿಗೂ ಬದುಕಿಗೂ ಹಿತವಾಗಬಲ್ಲದು. ಇಂಥ ಸ್ಥಳಾಂತರಕ್ಕೆ ಇಂದು ಅಡ್ಡವಾಗಿರುವುದು ವರ್ಷದ ನಡುವೆ ಹಾಸ್ಟೆಲು ಬಿಟ್ಟರೆ ಶುಲ್ಕ ಮರಳಿಸುವುದಿಲ್ಲವೆಂಬ, ಒಮ್ಮೆ ಬಿಟ್ಟವರಿಗೆ ಮತ್ತೆ ಜಾಗ ಕೊಡುವುದಿಲ್ಲವೆಂಬ ನಿಯಮಗಳು. ಶುಲ್ಕವನ್ನು ಸೆಮಿಸ್ಟರಿಗೊಮ್ಮೆ ಕಟ್ಟಿಸಿಕೊಂಡು, ಹೊರಗಿನ ಕೋಣೆ ಹೊಂದದಿದ್ದವರಿಗೆ ಮರಳಿ ಬರಲು ಪ್ರತಿ ಹಾಸ್ಟೆಲಿನಲ್ಲೂ ಕೆಲವು ಮಂಚಗಳನ್ನು ಕಾದಿಡುವುದಕ್ಕೆ ಹೊಸ ಕಟ್ಟಡವೇನೂ ಬೇಕಾಗಿಲ್ಲ. ಹಾಸ್ಟೆಲ್ ಸಮಿತಿಯ ಒಂದು ನಿರ್ಣಯ ಸಾಕು, ಮತ್ತು ಆ ಸಮಿತಿಯಲ್ಲಿ ವಾರ್ಡನ್‌ನಷ್ಟೇ ಮತಾಧಿಕಾರವುಳ್ಳ ವಿದ್ಯಾರ್ಥಿ ಪ್ರತಿನಿಧಿಗಳು, ಅವರಲ್ಲಿ ಅರ್ಧದಷ್ಟು ವಿದ್ಯಾರ್ಥಿನಿಯರು, ಇರಬೇಕು.