ನಾವು ಗೆದ್ದೆವು, ನಮ್ಮನ್ನು ಸೋಲಿಸಿದರು

ಸಿಂದಗಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯೊಂದರಲ್ಲಿ ಕೂತಿದ್ದೆ. ಇಂಡಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕದ ಬೆಂಚಿನಲ್ಲಿ ಮೂವರ ನಡುವೆ ವಾದ ಏರಿತ್ತು.

‘ಅಂವಾ ಲೈನ್ ದಾಟಿ ಕಾಲಿಟ್ಟಾನ, ಇಂವಗ ಕಾಣಲಿಲ್ಲಂತ!’

‘ಕಾಣಲಿಲ್ಲ ಅಲ್ಲೋ ತಮ್ಮಾ, ಕಾಣಬಾರದು ಅಂತ ಮೊದ್ಲ ಹೇಳಿಟ್ಟಿರ್ತಾರ.’

‘ಯಾರ್ ಹೇಳಿಟ್ಟಿರ್ತಾರ ಕಾಕಾ?’

‘ಯಾರ್ ಅಂದ್ರ? ಅವರss.’

ಆ ‘ಅವರು’ ಯಾರು ಎಂದು ಕಾಕಾ ಹೇಳಲಿಲ್ಲ. ಕೇಳಿದ ಹುಡುಗನೂ ಮತ್ತೆ ಕೆದಕಲಿಲ್ಲ. ಇಬ್ಬರಿಗೂ ಗೊತ್ತಿರುವ ಸಂಗತಿಯಂತೆ ಮಾತು ಮುಂದೆ ಹೋಯಿತು.

ಅವರು ಜಗಳ ಕಾಯುತ್ತಿದ್ದುದು 2019ರ ಮಾರ್ಚ್ 28ರ ಪಂದ್ಯದ ಬಗ್ಗೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಇಂಡಿಯನ್ಸ್ 187 ಹೊಡೆದಿತ್ತು. ಕೊನೆಯ ಎಸೆತಕ್ಕೆ ಆರ್‌ಸಿಬಿಗೆ ಏಳು ರನ್ ಬೇಕಿತ್ತು. ಮಾಲಿಂಗ ಗೆರೆ ದಾಟಿ ಕಾಲಿಟ್ಟು ಎಸೆದರು, ಅಂಪೈರ್ ನೋಬಾಲ್ ಕೊಡಲಿಲ್ಲ, ಮುಂಬೈ ಆರು ರನ್ನಿನಿಂದ ಗೆದ್ದಿತು. ದೊಡ್ಡ ಪರದೆಯಲ್ಲಿ ಆ ಕಾಲು ಕಾಣುವ ಹೊತ್ತಿಗೆ ಆಟಗಾರರು ಕೈ ಕುಲುಕುತ್ತಿದ್ದರು. ನಾವೇನು ಕ್ಲಬ್ ಕ್ರಿಕೆಟ್ ಆಡುತ್ತಿಲ್ಲ ಎಂದು ಕೊಹ್ಲಿ ಸಿಟ್ಟಾದರು. ಗೆದ್ದ ರೋಹಿತ್ ಶರ್ಮಾ ಕೂಡ ಅದೇ ಸಂಜೆ ಅಂಪೈರಿಂಗ್ ಬಗ್ಗೆ ದೂರಿದ್ದು ಮಾತ್ರ ಸಿಂದಗಿಯ ಬೆಂಚಿನ ಮೇಲೆ ಯಾರಿಗೂ ನೆನಪಿರಲಿಲ್ಲ. ಬುಮ್ರಾ ಎಸೆದ ಒಂದು ಚೆಂಡಿಗೆ ವೈಡ್ ಕೊಟ್ಟದ್ದು ತಪ್ಪು ಎಂಬುದು ಅವರ ತಕರಾರು. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ಹದಿನೆಂಟು ವರ್ಷದ ಹಸಿವು ತೀರಿತು. ಆದರೂ ಆ ನೋಬಾಲ್ ಚಹಾದ ಜೊತೆ ಇನ್ನೂ ಕುದಿಯುತ್ತಲೇ ಇದೆ.

ನನ್ನ ಪಿಎಚ್.ಡಿ. ವಿಷಯ ಹರದೇಶಿ–ನಾಗೇಶಿ ಪದಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂದು ರೆಕಾರ್ಡರ್ ಹಿಡಿದುಕೊಂಡು ತಿರುಗುತ್ತೇನೆ. ಗೀಗೀ ಮೇಳದವರನ್ನು ಹುಡುಕಿಕೊಂಡು ಹೋದಲ್ಲೆಲ್ಲ ಈ ಇನ್ನೊಂದು ಬಗೆಯ ವಾದವೂ ಕಿವಿಗೆ ಬೀಳುತ್ತದೆ. ಮೊದಮೊದಲು ರೆಕಾರ್ಡರ್ ಬಂದ್ ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಕ್ರೀಡಾಭಿಮಾನಿಯ ದೂರಿಗೂ ತನ್ನದೇ ವ್ಯಾಕರಣವಿದೆ. ಅದನ್ನು ಪಠ್ಯದಂತೆ ಓದಬಹುದು ಎಂದು ನನಗೆ ಅನಿಸತೊಡಗಿದೆ.

ಕ್ರಿಯಾಪದದಿಂದಲೇ ಶುರುಮಾಡುತ್ತೇನೆ. ತಂಡ ಗೆದ್ದ ಮರುದಿನ ಅಭಿಮಾನಿ ‘ಗೆದ್ವಿ’ ಎನ್ನುತ್ತಾನೆ. ಕರ್ತೃ ‘ನಾವು’, ಬ್ಯಾಟು ಹಿಡಿಯದ, ಟಿಕೆಟ್ಟೂ ತೆಗೆಯದ ನಾವು. ಸೋತ ಮರುದಿನ ‘ಸೋತ್ವಿ’ ಎನ್ನುವವರು ಇಲ್ಲವೆಂದಲ್ಲ. ಆದರೆ ಪಂದ್ಯ ಕೊನೆಯ ಓವರಿನಲ್ಲಿ ಕೈ ತಪ್ಪಿದ್ದರೆ ಮಾತು ‘ಸೋಲಿಸಿದ್ರು’ ಎಂದಾಗುತ್ತದೆ. ‘ಸೋಲು’ ಎಂಬುದಕ್ಕೆ ‘ಇಸು’ ಸೇರಿದ ಕೂಡಲೇ ಆಗಿದ್ದು ಮಾಡಿಸಿದ್ದಾಗುತ್ತದೆ. ಯಾರು ಸೋಲಿಸಿದರು? ಎದುರಾಳಿಯೇ ಎನ್ನುವಂತಿದ್ದರೆ ‘ಮುಂಬೈದವರು ಸೋಲಿಸಿದ್ರು’ ಎಂದು ಹೆಸರು ಹೇಳುತ್ತಿದ್ದರು. ಹೆಸರಿಲ್ಲದ ‘ಸೋಲಿಸಿದ್ರು’ ಬೇರೆ. ಅದರ ಕರ್ತೃ ಕಾಕಾ ಹೇಳಿದ ‘ಅವರು’. ಕನ್ನಡ ವಾಕ್ಯ ಕರ್ತೃವಿಲ್ಲದೆ ಆರಾಮಾಗಿ ನಿಲ್ಲುವುದರಿಂದ ಈ ‘ಅವರಿಗೆ’ ಮುಖ ಕೊಡುವ ಜವಾಬ್ದಾರಿಯೂ ಯಾರಿಗೂ ಬರುವುದಿಲ್ಲ. ‘ಔಟ್ ಕೊಟ್ಟ’ ಎಂಬ ಮಾತನ್ನೂ ಇಲ್ಲೇ ಗಮನಿಸಬೇಕು. ಅಂಪೈರ್ ನೋಡಿ ಹೇಳುವವನಲ್ಲ, ಕೊಡುವವನು. ಕೊಡುವವನ ಮುಂದೆ ಕೈಯೊಡ್ಡಿ ನಿಂತವರಿಗೆ ಅವನು ಯಾರಿಗೆ ಹೆಚ್ಚು ಕೊಟ್ಟ, ಯಾರಿಗೆ ಕಡಿಮೆ ಎಂಬ ಲೆಕ್ಕ ಇದ್ದೇ ಇರುತ್ತದೆ.

ಸಾಹಿತ್ಯದವರು ಇದನ್ನು ಓದಿ ನಗಬೇಕಿಲ್ಲ. ಪ್ರಶಸ್ತಿ ಪ್ರಕಟವಾದ ಸಂಜೆ ನಮ್ಮ ವಿಭಾಗದ ಕ್ಯಾಂಟೀನಿನಲ್ಲಿ ಕೂತು ನೋಡಿ. ಆಯ್ಕೆ ಸಮಿತಿಯ ಬಗ್ಗೆ ಇದೇ ಕ್ರಿಯಾಪದಗಳು ಬರುತ್ತವೆ.

ಹಾಗಾದರೆ ಅಭಿಮಾನಿ ಹೇಳುವುದೆಲ್ಲ ಭ್ರಮೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗದು. ಆ ನೋಬಾಲಿಗೂ ಎರಡು ತಿಂಗಳು ಮೊದಲು, ಅದೇ ಚಿನ್ನಸ್ವಾಮಿಯಲ್ಲಿ ಕರ್ನಾಟಕ ಮತ್ತು ಸೌರಾಷ್ಟ್ರದ ರಣಜಿ ಸೆಮಿಫೈನಲ್ ನಡೆಯಿತು. ಚೇತೇಶ್ವರ ಪೂಜಾರ ಎರಡೂ ಇನಿಂಗ್ಸಿನಲ್ಲಿ ವಿಕೆಟ್‌ಕೀಪರಿಗೆ ಕ್ಯಾಚ್ ಕೊಟ್ಟಂತೆ ಕಂಡಿತು. ಎರಡೂ ಸಲ ಅಂಪೈರ್ ಔಟ್ ಕೊಡಲಿಲ್ಲ. ಪೂಜಾರ ತಾವಾಗಿ ಹೊರಟುಹೋಗಲೂ ಇಲ್ಲ. 279ರ ಗುರಿ ಬೆನ್ನಟ್ಟಿದ ಸೌರಾಷ್ಟ್ರ ಅವರ ಅಜೇಯ 131ರ ಬಲದಿಂದ ಐದು ವಿಕೆಟ್‌ಗಳಿಂದ ಗೆದ್ದಿತು. ಪ್ರೇಕ್ಷಕರು ‘ಚೀಟರ್, ಚೀಟರ್’ ಎಂದು ಕೂಗಿದರು. ನನಗೆ ಆಸಕ್ತಿ ಹುಟ್ಟಿಸುವುದು ಆ ಕೂಗು. ನೋಡದೇ ಹೋದವರು ಅಂಪೈರ್, ಮೋಸಗಾರ ಎನಿಸಿಕೊಂಡವರು ಬ್ಯಾಟ್ಸ್‌ಮನ್. ತಪ್ಪು ಒಬ್ಬರದು, ಮೋಸದ ಹೆಸರು ಇನ್ನೊಬ್ಬರಿಗೆ. ತಪ್ಪು, ಪಕ್ಷಪಾತ, ಮೋಸ, ಈ ಮೂರೂ ಬೇರೆ ಬೇರೆ ಸಂಗತಿಗಳು. ತಪ್ಪಿಗೆ ಕಣ್ಣು ಸಾಕಾಗದಿದ್ದರೆ ಸಾಕು. ಪಕ್ಷಪಾತಕ್ಕೆ ಮನಸ್ಸು ಒಂದು ಕಡೆ ವಾಲಿರಬೇಕು, ವಾಲಿದ್ದು ವಾಲಿದವನಿಗೇ ಗೊತ್ತಿಲ್ಲದಿರಬಹುದು. ಮೋಸಕ್ಕೆ ಗೊತ್ತಿದ್ದು ಮಾಡುವ ಇಚ್ಛೆ ಬೇಕು. ನಮ್ಮ ಪತ್ರಿಕೆಗಳು ‘ಅಂಪೈರ್ ಎಡವಟ್ಟು’ ಎಂದು ಬರೆಯುತ್ತವೆ. ಬೆಂಚಿನ ಮೇಲೆ ಕೂತವರು ‘ರೊಕ್ಕಾ ತಿಂದಾನ’ ಎನ್ನುತ್ತಾರೆ. ಎಡವಟ್ಟಿನಿಂದ ರೊಕ್ಕದವರೆಗಿನ ದೂರವನ್ನು ಒಂದೇ ಗುಟುಕಿನಲ್ಲಿ ದಾಟುತ್ತೇವೆ. ಹೀಗೆ ದಾಟಿ ರೂಢಿಯಾದರೆ, ನಿಜವಾಗಿ ರೊಕ್ಕ ತಿಂದವನು ಎದುರಿಗೆ ಬಂದ ದಿನ ಅವನಿಗೆ ಹೇಳಲು ನಮ್ಮ ಬಳಿ ಬೇರೆ ಪದ ಉಳಿದಿರುವುದಿಲ್ಲ.

ಅಂದಹಾಗೆ ಆ ನೋಬಾಲ್ ಬಿಟ್ಟ ಎಸ್. ರವಿ ಆಗ ಐಸಿಸಿಯ ಎಲೈಟ್ ಪಟ್ಟಿಯಲ್ಲಿದ್ದ ಏಕೈಕ ಭಾರತೀಯ ಅಂಪೈರ್. ಎಸೆಯುವವನ ಪಾದ, ನಂತರ ಚೆಂಡಿನ ದಾರಿ, ಬ್ಯಾಟು, ಪ್ಯಾಡು, ಎಲ್ಲವನ್ನೂ ಅರೆಗಳಿಗೆಯಲ್ಲಿ ಒಂದೇ ಜೊತೆ ಕಣ್ಣು ನೋಡಬೇಕಿತ್ತು. 2020ರ ಐಪಿಎಲ್‌ನಿಂದ ಪಾದ ನೋಡುವ ಕೆಲಸವನ್ನು ಟಿವಿ ಅಂಪೈರ್‌ಗೆ ವಹಿಸಿದರು. ರಣಜಿಯಲ್ಲೂ ಮರುವರ್ಷದ ಸೆಮಿಫೈನಲ್‌ಗಳಿಗೆ ಸೀಮಿತ ಡಿಆರ್‌ಎಸ್ ಬಂತು. ಅಂದರೆ ದೂರಿನಿಂದ ಉಪಯೋಗವೂ ಆಯಿತು. ಹಾಗಂತ ಜಗಳ ನಿಂತಿತೇ? 2024ರ ಏಪ್ರಿಲ್ 21ರಂದು ಈಡನ್ ಗಾರ್ಡನ್ಸ್‌ನಲ್ಲಿ ಹರ್ಷಿತ್ ರಾಣಾ ಎಸೆದ ಫುಲ್‌ಟಾಸಿಗೆ ಕೊಹ್ಲಿ ಔಟಾದರು. ಸೊಂಟದ ಎತ್ತರ 1.04 ಮೀಟರ್ ಎಂದು ಮೊದಲೇ ಅಳೆದಿಟ್ಟಿದ್ದರು. ಅವರು ಕ್ರೀಸಿನಲ್ಲಿ ನೆಟ್ಟಗೆ ನಿಂತಿದ್ದರೆ ಚೆಂಡು 0.92 ಮೀಟರ್ ಎತ್ತರದಲ್ಲಿ ಹಾದುಹೋಗುತ್ತಿತ್ತು ಎಂದು ಯಂತ್ರ ಹೇಳಿತು. ಆರ್‌ಸಿಬಿ ಒಂದೇ ರನ್ನಿನಿಂದ ಸೋತಿತು, ಕೊಹ್ಲಿಗೆ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಬಿತ್ತು. ಮರುದಿನ ಇಂಡಿಯ ಮಾರುಕಟ್ಟೆಯಲ್ಲಿ ಲಿಂಬೆಹಣ್ಣಿನ ಚೀಲ ಹೊಲಿಯುತ್ತಿದ್ದವರೊಬ್ಬರು ನನಗೆ ಹೇಳಿದ್ದು: ‘ಟೇಪ್ ಹಿಡದಾಂವ ಯಾರು ಅಂತ ಕೇಳ್ರಿ ಮೊದ್ಲ.’ ಕಣ್ಣಿನ ಮೇಲಿದ್ದ ಸಂಶಯ ಟೇಪಿನ ಮೇಲೆ ಹೋಗಿ ಕೂತಿತ್ತು.

ಇದು ನಮ್ಮ ಕಡೆಯವರ ಚಾಳಿ ಮಾತ್ರವಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒರಟಾದ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದೇ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಅವರದೇ ಕಾಲೇಜಿನವರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್‌ನವರಿಗೆ ಕಂಡವು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆ ಕಂಡಿತ್ತು. 2002ರ ಇನ್ನೊಂದು ಅಧ್ಯಯನ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದೆ. ನೆವಿಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ನಲವತ್ತು ತರಬೇತಾದ ಫುಟ್‌ಬಾಲ್ ರೆಫರಿಗಳಿಗೆ ವಿಡಿಯೊ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರಿನ ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇ. 15.5ರಷ್ಟು ಕಡಿಮೆ. ಕೊರೋನಾ ಕಾಲದ ಖಾಲಿ ಮೈದಾನಗಳಲ್ಲಿ ಹೊರಗಿನ ತಂಡಕ್ಕೆ ಸಿಗುವ ಹಳದಿ ಕಾರ್ಡ್‌ಗಳು ಕಡಿಮೆಯಾದದ್ದನ್ನೂ ಹಲವು ಅಧ್ಯಯನಗಳು ಗುರುತಿಸಿವೆ. ಪಕ್ಷಪಾತ ಇದೆ ಎಂದ ಅಭಿಮಾನಿಯ ಮಾತು ಹಾಗಾದರೆ ನಿಜ. ಅದನ್ನು ಮಾಡಿಸುತ್ತಿರುವವರಲ್ಲಿ ಗಂಟಲು ಹರಿದುಕೊಂಡು ಕೂಗುವ ತಾನೂ ಒಬ್ಬ ಎಂಬುದು ಅವನ ಕಥೆಯಲ್ಲಿ ಬರುವುದಿಲ್ಲ.

ಇಲ್ಲಿ ನನ್ನ ಮೇಳಗಳಿಗೆ ಹಿಂತಿರುಗಬೇಕು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ದಪ್ಪು, ತುಂತುಣಿಯ ಜೊತೆ ರಾತ್ರಿಯಿಡೀ ಸವಾಲು–ಜವಾಬು ನಡೆಯುತ್ತದೆ. ಹಲಸಂಗಿಯ ಗೆಳೆಯರು ಲಾವಣಿಗಳನ್ನು ಕೂಡಿಸಿ ‘ಜೀವನ ಸಂಗೀತ’ ತಂದದ್ದು ಇದೇ ನೆಲದಿಂದ. ಊರಿನವರು ಎರಡು ಪಾರ್ಟಿಯಾಗಿ ಕೂರುತ್ತಾರೆ, ಸೀಟಿ ಹೊಡೆಯುತ್ತಾರೆ, ನೋಟು ಆಯೇರಿ ಮಾಡುತ್ತಾರೆ. ನಾನು ಕೂತು ಕೇಳಿದ ಯಾವ ಮೇಳದಲ್ಲೂ ನಡುವೆ ನಿಂತು ತೀರ್ಪು ಕೊಡುವವರು ಇರಲಿಲ್ಲ. ಯಾರು ಗೆದ್ದರು ಎಂದು ಬೆಳಗ್ಗೆ ಕೇಳಿದರೆ ಎರಡು ಪಾರ್ಟಿಯವರೂ ‘ನಮ್ಮವರss’ ಎನ್ನುತ್ತಾರೆ. ಆದರೆ ಹಾಡುವವರಿಗೆ ಒಂದು ಕಟ್ಟುಪಾಡಿದೆ. ಎದುರಿನವರು ಪುರಾಣದಿಂದ ಒಂದು ಪ್ರಸಂಗ ಎತ್ತಿದರೆ ಅದಕ್ಕೇ ಜವಾಬು ಹೇಳಬೇಕು, ತಪ್ಪಿಸಿಕೊಂಡು ಬೇರೆ ವಿಷಯಕ್ಕೆ ಹಾರಿದರೆ ತಮ್ಮ ಕಡೆಯವರೇ ನಗುತ್ತಾರೆ. ಹಾಗಾಗಿ ನಾಗೇಶಿ ಹಾಡುವಾಕೆಗೆ ಹರದೇಶಿಯ ಪುರಾವೆಗಳೆಲ್ಲ ಬಾಯಿಪಾಠ ಇರುತ್ತವೆ. ಸಿಂದಗಿಯ ಬೆಂಚಿನ ಮೇಲಿನ ಆರ್‌ಸಿಬಿ ಪಕ್ಷಕ್ಕೆ ಬುಮ್ರಾ ಅವರ ವೈಡ್ ಗೊತ್ತಿರಲಿಲ್ಲವಲ್ಲ, ನನ್ನ ತಕರಾರು ಅದೊಂದೇ. ಪಕ್ಷ ಹಿಡಿಯಲಿ. ಎದುರು ಪಕ್ಷದ ಪದವೂ ಒಂದಿಷ್ಟು ಬಾಯಿಗೆ ಬರಲಿ.

ತೀರ್ಪುಗಾರನನ್ನು ಆದಷ್ಟು ದೂರ ಇಡುವ ಈ ಬುದ್ಧಿ ನಮ್ಮ ಕಡೆಯ ಆಟಗಳಲ್ಲೂ ಇದೆ. ಜಾತ್ರೆಯಲ್ಲಿ ಗುಂಡು ಎತ್ತುತ್ತಾರೆ, ಕಲ್ಲು ಎದ್ದಿತೋ ಇಲ್ಲವೋ ಎಂಬುದು ಸಾವಿರ ಜನಕ್ಕೂ ಕಾಣುತ್ತದೆ. ನಿಕಾಲಿ ಕುಸ್ತಿಯಲ್ಲಿ ಅಂಕವಿಲ್ಲ, ಒಬ್ಬ ಚಿತ್ ಆಗುವವರೆಗೆ ಹಿಡಿತ ಬಿಡುವುದಿಲ್ಲ. ಬಸವನಬಾಗೇವಾಡಿಯಲ್ಲಿ ಹಿರಿಯ ಪೈಲ್ವಾನರೊಬ್ಬರನ್ನು ಮಾತನಾಡಿಸಿದಾಗ ಪಂಚರ ಬಗ್ಗೆ ಕೇಳಿದೆ. ‘ಪಂಚರು ಏನ್ ಹೇಳತಾರ? ಬೆನ್ನಿನ ಮಣ್ಣ ಹೇಳತದ’ ಎಂದರು. ಚೆಂದದ ಮಾತು ಎಂದು ಬರೆದುಕೊಂಡೆ. ಅವರೇ ಸ್ವಲ್ಪ ತಡೆದು ಸೇರಿಸಿದರು: ‘ಆದ್ರ ಹಿಡಿತ ಜಾರಬಾರದು ಅಂತ ಮೈಮ್ಯಾಲ ಮಣ್ಣ ಮೊದ್ಲ ಒಗದಿರ್ತೀವಿ. ಅದಕ್ಕ ಜಗಳಾನೂ ಆಗ್ತಾವ.’

ಈಗ ನನ್ನದೇ ಒಂದು ಲೆಕ್ಕ ಬಾಕಿ ಇದೆ. ಡಿಗ್ರಿ ಓದುತ್ತಿದ್ದಾಗ ಮುದ್ದೇಬಿಹಾಳ ತಾಲ್ಲೂಕಿನ ನಮ್ಮೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಇಟ್ಟಿದ್ದರು. ಓದಿದ ಹುಡುಗ, ನಿಯಮ ಗೊತ್ತಿದೆ ಎಂದು ಸೀಟಿ ನನ್ನ ಕೈಗೆ ಕೊಟ್ಟರು. ಫೈನಲ್‌ನಲ್ಲಿ ನಮ್ಮೂರು ಮತ್ತು ನನ್ನ ಸೋದರಮಾವನ ಊರು. ಅಂಕ ಸಮ, ಕೊನೆಯ ರೇಡು. ಎದುರು ಅಂಕಣದಲ್ಲಿ ಆರು ಜನ ಇದ್ದುದರಿಂದ ಬೋನಸ್ಸಿಗೆ ಅವಕಾಶವಿತ್ತು. ನಮ್ಮೂರ ರೇಡರ್ ಬೋನಸ್ ಗೆರೆಯಾಚೆ ಕಾಲು ಚಾಚಿದ. ಮುಂದಿನ ಕಾಲು ಗೆರೆ ದಾಟಿ ನೆಲ ಮುಟ್ಟುವಾಗ ಹಿಂದಿನ ಕಾಲು ಗಾಳಿಯಲ್ಲಿ ಇರಬೇಕು ಎಂಬುದು ನಿಯಮ. ಎರಡು ಕಾಲು, ಎರಡು ಜಾಗ, ಒಂದೇ ಕ್ಷಣ. ‘ಬೋನಸ್!’ ಎಂದು ಊರಿಗೆ ಊರೇ ಎದ್ದು ನಿಂತಿತು. ನನ್ನ ಕೈ ಮೇಲೆ ಹೋಯಿತು. ಹಿಂದಿನ ಕಾಲು ಎದ್ದದ್ದನ್ನು ನೋಡಿ ಕೈ ಎತ್ತಿದೆನೋ, ಕೂಗು ಕೇಳಿ ಎತ್ತಿದೆನೋ ಎಂದು ಆ ರಾತ್ರಿಯೇ ಕೇಳಿಕೊಂಡಿದ್ದರೆ ನೋಡಿಯೇ ಎತ್ತಿದೆ ಎಂದು ಆಣೆ ಮಾಡುತ್ತಿದ್ದೆ. ನೆವಿಲ್ ಅವರ ಲೇಖನ ಓದಿದ ಮೇಲೆ ಆ ಧೈರ್ಯ ಹೋಗಿದೆ.

ಆ ರೇಡಿನಲ್ಲಿ ಎದುರು ಮೂಲೆಗೆ ನಿಂತಿದ್ದವನು ಮಾವನ ಮಗ. ಮದುವೆ, ಜಾತ್ರೆ, ಮಣ್ಣು, ಎಲ್ಲಿ ಸಿಕ್ಕರೂ ಮೊದಲ ಮಾತು ಒಂದೇ: ‘ಏನಪಾ, ನಮ್ಮನ್ನ ಸೋಲಿಸಿದಾಂವಾ.’ ಅವನ ವಾಕ್ಯದಲ್ಲಿ ‘ಅವರು’ ಇಲ್ಲ. ಕರ್ತೃ ಎದುರಿಗೇ ನಿಂತಿರುತ್ತಾನೆ.

ಈ ಲೇಖನ ಬರೆಯುವ ವಾರ ಮುದ್ದೇಬಿಹಾಳದ ಸಂತೆಯಲ್ಲಿ ಸಿಕ್ಕಿದ್ದ. ಈ ಸಲ ನಗಾಡಲಿಲ್ಲ. ಚೀಲ ಕೆಳಗಿಟ್ಟು, ‘ಖರೇ ಹೇಳು, ಹಿಂದಿನ ಕಾಲು ಎದ್ದಿತ್ತೇನು?’ ಎಂದು ಕೇಳಿದ.

‘ಎದ್ದಂಗ ಕಂಡಿತ್ತೋ’ ಎಂದೆ.

‘ಕಾಣಲಿಕ್ಕಿಲ್ಲಂತ ನಾ ಎಲ್ಲಿ ಅಂದೀನಿ’ ಎಂದವನು ಚೀಲ ಎತ್ತಿಕೊಂಡು, ಚಹಾ ಕುಡಿಯೋಣ ಬಾ ಎಂದು ಕರೆದ.